ಬಿಗಿಯಪ್ಪನ ಸಡಿಲ ಬುಶ್

ನನ್ನ ತಂಗಿಯ ಗಂಡನಿಗೆ ಹೆತ್ತವರು ಇಟ್ಟ ಹೆಸರು ಈಗ ಅಂಚೆಯವನಿಗೂ ಮರೆತುಹೋಗಿದೆ. ಬೀದಿಗೆಲ್ಲ ಅವನು ಬಿಗಿಯಪ್ಪ. ಆ ಹೆಸರು ಇಟ್ಟವನು ನಾನೇ. ಬಡಗಿ ಕೆಲಸದಲ್ಲಿ ನಾನು ಮಾಡಿದ ಮೇಜು ಕುರ್ಚಿಗಳಲ್ಲಿ ಎಷ್ಟೋ ಮುರಿದು ಒಲೆ ಸೇರಿದವು, ಈ ಹೆಸರು ಮಾತ್ರ ಒಂದು ಕೀಲೂ ಅಲುಗದೆ ನಿಂತಿದೆ.

ನಮ್ಮಿಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವನು ನನ್ನನ್ನು ಭಾವ ಅನ್ನುತ್ತಾನೆ, ನಾನೂ ಅವನನ್ನು ಭಾವ ಅನ್ನುತ್ತೇನೆ. ಬೈದುಕೊಳ್ಳುವಾಗಲೂ ಅದೇ.

ಅವನು ಮುಚ್ಚಿದ ಸಕ್ಕರೆ ಡಬ್ಬಿಯನ್ನು ತೆಗೆಯಲು ಅವನೇ ಬರಬೇಕು. ಅವನು ತಿರುಗಿಸಿದ ನಲ್ಲಿಯನ್ನು ಬಿಚ್ಚಲು ನೆಂಟರು ಎರಡೂ ಕೈ ಹಾಕಿ, ಕಾಲನ್ನು ಗೋಡೆಗೆ ಒದ್ದು ನಿಲ್ಲಬೇಕು. ಒಮ್ಮೆ ನನ್ನ ಮೂಗಿನ ಮೇಲೆ ನಿಲ್ಲದೆ ಜಾರುತ್ತಿದ್ದ ಕನ್ನಡಕವನ್ನು "ಕೊಡಿ ಭಾವ, ಒಂದು ತಿರುವು ಕೊಡ್ತೀನಿ" ಎಂದು ತೆಗೆದುಕೊಂಡು ಸ್ಕ್ರೂ ತಿರುಗಿಸಿಕೊಟ್ಟ. ಆಮೇಲೆ ಅದರ ಕಡ್ಡಿ ಮಡಚಲೇ ಇಲ್ಲ. ವರ್ಷವಿಡೀ ಅದನ್ನು ಬಿಚ್ಚಿದ ಹಾಗೇ ಜೇಬಿನಲ್ಲಿ ಇಟ್ಟುಕೊಂಡು, ಮಿಡತೆಯನ್ನು ಹೊತ್ತವನಂತೆ ಓಡಾಡಿದೆ.

ಇದು ಚಟವಲ್ಲ, ಕಸುಬು. ಪ್ರಾಯದ ದಿನಗಳಿಂದ ನಿವೃತ್ತಿಯವರೆಗೆ ಅವನು ದುಡಿದದ್ದು ನಲ್ಲಿ ಮಾಡುವ ಕಾರ್ಖಾನೆಯಲ್ಲಿ, ಲೇತ್ ಯಂತ್ರದ ಮುಂದೆ. ನಲ್ಲಿಯ ಹೊಟ್ಟೆಯೊಳಗೆ ಒಂದು ಬಿರಡೆ ತಿರುಗುತ್ತದಲ್ಲ, ಅದನ್ನು ಕಡೆದು, ಎಣ್ಣೆ ಹಚ್ಚಿ, ನಯವಾಗಿ ಉಜ್ಜಿ ಕೂರಿಸುವುದು ಅವನ ಕೆಲಸ. ಕೂರಿಸಿದ ಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಳಗೆ ಗಾಳಿ ಒತ್ತುತ್ತಿದ್ದರು. ಒಂದು ಗುಳ್ಳೆ ಎದ್ದರೂ ಮಾಲು ವಾಪಸ್ಸು. ಬಿಗಿಯಪ್ಪನ ಕೈಯ ನಲ್ಲಿ ಒಂದೂ ವಾಪಸ್ಸು ಬರಲಿಲ್ಲ ಎಂದು ಅವನೇ ಹೇಳುತ್ತಾನೆ. ಹೇಳುವಾಗ ಎದುರಿಗಿದ್ದವನ ತೋಳು ಹಿಡಿದಿರುತ್ತಾನೆ, ಅದೂ ಬಿಗಿಯಾಗಿಯೇ. ಒಪ್ಪಿಕೊಳ್ಳದೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಇನ್ನು ಕಾರಿನ ವಿಷಯ. ಅದು ನಮ್ಮ ಅಪ್ಪನದು. ಅಪ್ಪ ರೈಲು ನಿಲ್ದಾಣದ ಮುಂದೆ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಕಪ್ಪೆಗಣ್ಣಿನ ದೀಪ, ಹೊರಗೆ ಉಬ್ಬಿದ ಚಕ್ರದ ಮರೆ, ಕಡುಹಸಿರು ಬಣ್ಣ, ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ದೀಪ ಒರೆಸುವ ಕೆಲಸ ನನಗೆ, ಚಕ್ರ ತೊಳೆಯುವ ಕೆಲಸ ತಂಗಿಗೆ. ಸ್ಟೀರಿಂಗ್ ಮುಟ್ಟುವ ಹಾಗಿರಲಿಲ್ಲ. ನಾನು ಕದ್ದು ಮುಟ್ಟುತ್ತಿದ್ದೆ, ಆಸೆ ತೀರಿತು. ಅವಳು ಮುಟ್ಟಲಿಲ್ಲ, ಆಸೆ ಉಳಿಯಿತು. ಅಪ್ಪನ ನಂತರ ಕಾರು ಯಾರಿಗೆ ಎಂಬ ಮಾತು ಬಂದಾಗ ನಾನು, "ನನ್ನ ಶೆಡ್ಡಿನಲ್ಲಿ ಹಲಗೆಗೇ ಜಾಗ ಇಲ್ಲ" ಎಂದೆ. ಅವಳು ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದೇ ಬಿಟ್ಟಳು.

ತಂಗಿ ಬಟ್ಟೆ ಹೊಲಿಯುವವಳು. ಇಡೀ ಓಣಿಯ ಅಳತೆ ಅವಳ ತಲೆಯಲ್ಲಿದೆ. ಯಾರು ದಪ್ಪಗಾದರು, ಯಾರು ಸೊರಗಿದರು, ಯಾರು ಹೊಟ್ಟೆ ಎಳೆದುಕೊಂಡು ಅಳತೆ ಕೊಡುತ್ತಾರೆ, ಎಲ್ಲ ಗೊತ್ತು. ಬೇರೆಯವರು ಮೊಮ್ಮಕ್ಕಳ ಕೈ ಹಿಡಿದು ರಸ್ತೆ ದಾಟುವ ವಯಸ್ಸಿನಲ್ಲಿ ಇವಳಿಗೆ ಕಾರು ಕಲಿಯುವ ಹುಚ್ಚು ಹಿಡಿಯಿತು. ಗಂಡನ ಹತ್ತಿರ ಕಲಿಯಲು ಹೋದರೆ ಅವನ ಪಾಠ ಒಂದೇ: "ಸ್ಟೀರಿಂಗ್ ಬಿಗಿಯಾಗಿ ಹಿಡಿ." ಭುಜ ಕಲ್ಲಾಯಿತೇ ಹೊರತು ಕಾರು ತಿರುಗಲಿಲ್ಲ. ಕೊನೆಗೆ ಹಾಲಿನ ವ್ಯಾನು ಓಡಿಸುವ ನೆರೆಮನೆಯವಳು ತನ್ನ ವ್ಯಾನಿನಲ್ಲೇ ಪಕ್ಕದಲ್ಲಿ ಕೂತು ಕಲಿಸಿದಳು. ಚೆನ್ನಾಗಿಯೇ ಕಲಿತಳು.

"ಪರೀಕ್ಷೆಗೆ ನನ್ನ ವ್ಯಾನೇ ತಗೊಂಡು ಹೋಗಿ ಅಕ್ಕ" ಎಂದಳು ಆಕೆ.

"ಬೇಡ. ಅಪ್ಪನ ಕಾರಲ್ಲೇ ಕೊಡ್ತೀನಿ. ಯಾವ ಸೀಟಲ್ಲಿ ಕೂರ್ಬೇಡ ಅಂದಿದ್ರೋ ಅದೇ ಸೀಟಲ್ಲಿ ಕೂತು ಪಾಸಾಗ್ಬೇಕು."

ಪರೀಕ್ಷೆಯ ದಿನ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತರು. ಇವಳು ಗೇರು ಹಾಕಿ ಕ್ಲಚ್ ಬಿಟ್ಟಳು. ಸೀಟಿನ ಕೆಳಗಿಂದ ಠಣ್ ಎಂದಿತು. ಮುಂದಿನ ಗೇರಿಗೆ ಮತ್ತೆ ಠಣ್. ಇನ್‌ಸ್ಪೆಕ್ಟರ್ ಗಾಡಿ ನಿಲ್ಲಿಸಿ ಅಂದು ಇಳಿದೇಬಿಟ್ಟರು.

"ಅಮ್ಮಾ, ಕೆಳಗೆ ಯಾರೋ ಸುತ್ತಿಗೆ ಹಿಡ್ಕೊಂಡು ಕೂತಿದ್ದಾರೆ. ಅವರನ್ನ ಇಳಿಸಿ ಆಮೇಲೆ ಬನ್ನಿ. ಈ ಸ್ಥಿತೀಲಿ ನಾನು ಪರೀಕ್ಷೆ ತಗೊಳಲ್ಲ."

ಮುಂದಿನ ವಾರಕ್ಕೆ ದಿನ ಕೊಟ್ಟರು. ಅದು ತಪ್ಪಿದರೆ ಅವಳ ಕಲಿಕೆಯ ಪರವಾನಗಿಯ ಅವಧಿ ಮುಗಿಯುತ್ತಿತ್ತು, ಕಣ್ಣಿನ ತಪಾಸಣೆಯಿಂದ ಎಲ್ಲ ಮೊದಲಿಗೆ. ಅಲ್ಲೇ ಇದ್ದದ್ದು ಅವಳ ಭಯ. ಒಂದು ಕಣ್ಣಿಗೆ ಪೊರೆ ಶುರುವಾಗಿತ್ತು. "ಈ ಸಲ ಬರ್ದು ಕೊಡ್ತೀನಿ, ಮುಂದಿನ ಸಲದ ಮಾತು ಹೇಳೋಕಾಗಲ್ಲ" ಎಂದು ಕಣ್ಣಿನ ವೈದ್ಯರು ಹೇಳಿದ್ದರು. ಗಂಡನಿಗೆ ಅದೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಅಂದೇ ಕಾರಿನ ಕೆಳಗೆ ತೂರಿದ.

ಹಳೆಯ ಕಾರು ನೋಡದವರಿಗೆ ಒಂದು ಮಾತು. ಎಂಜಿನ್ನು ಮುಂದಿರುತ್ತದೆ, ತಿರುಗಬೇಕಾದ ಚಕ್ರ ಹಿಂದಿರುತ್ತದೆ. ನಡುವೆ ನೆಲದ ಕೆಳಗೆ ಒಂದು ಉದ್ದನೆಯ ಕಬ್ಬಿಣದ ಶಾಫ್ಟು ತಿರುಗುತ್ತಾ ಶಕ್ತಿಯನ್ನು ಹಿಂದಕ್ಕೆ ಒಯ್ಯುತ್ತದೆ. ರಸ್ತೆ ಏರಿಳಿದಂತೆ ಅದೂ ಬಾಗಬೇಕಲ್ಲ, ಅದಕ್ಕೆ ಎರಡೂ ತುದಿಯಲ್ಲಿ ನಮ್ಮ ಮಣಿಕಟ್ಟಿನ ಹಾಗೆ ಗೆಣ್ಣು. ಗೆಣ್ಣಿನ ಪಿನ್ನು ಕಬ್ಬಿಣಕ್ಕೆ ನೇರವಾಗಿ ಉಜ್ಜದಿರಲಿ ಎಂದು ನಡುವೆ ಕಂಚಿನ ಬಳೆಯಂಥ ಬುಶ್‌ಗಳನ್ನು ಕೂರಿಸಿರುತ್ತಾರೆ. ತಾವು ಸವೆದು ಕಬ್ಬಿಣವನ್ನು ಉಳಿಸುವುದೇ ಅವುಗಳ ಹಣೆಬರಹ.

ನನ್ನ ಅಂಗಡಿಯಿಂದ ದಪ್ಪ ಮರದ ದಿಮ್ಮಿ ತಂದು ಕಾರಿಗೆ ಒತ್ತು ಕೊಟ್ಟೆವು. ಬಿಗಿಯಪ್ಪ ಬೆನ್ನಡಿಗೆ ಗೋಣಿ ಹಾಸಿಕೊಂಡು ಒಳಗೆ ಮಲಗಿದ. ಹೊರಗೆ ಕಾಣುತ್ತಿದ್ದದ್ದು ಅವನ ಪಾದ ಮಾತ್ರ.

"ಭಾವ, ಸ್ಪ್ಯಾನರ್."

"ಯಾವುದು?"

"ನೀವು ಕೂತಿರೋದು."

ಶಾಫ್ಟು ಬಿಚ್ಚುವ ಮೊದಲು ಎರಡು ಕಡೆಯೂ ಉಳಿಯಿಂದ ಗುರುತು ಹಾಕಿದ, ಇದ್ದ ಹಾಗೇ ಮತ್ತೆ ಕೂರಬೇಕು ಅಂತ. ಹೊರಗೆ ತಂದು ಸೀಮೆಎಣ್ಣೆಯಲ್ಲಿ ತೊಳೆದು ಗೆಣ್ಣು ಬಿಡಿಸಿದರೆ, ದುಂಡಗಿರಬೇಕಿದ್ದ ಬುಶ್‌ಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಪಿನ್ನು ಒಳಗೆ ಗಲಗಲ ಅಲ್ಲಾಡುತ್ತಿತ್ತು. ಬಿಗಿಯಪ್ಪ ಅದನ್ನು ನೋಡಿದ ರೀತಿ ಹೇಳಬೇಕು. ಮಗು ಕೆಸರಲ್ಲಿ ಬಿದ್ದು ಬಂದರೆ ತಾಯಿ ನೋಡುವ ನೋಟ ಅದು.

"ಇಷ್ಟು ಸಡಿಲ! ಇದನ್ನ ಇಟ್ಕೊಂಡು ಇಷ್ಟು ದಿನ ಹೇಗೆ ಬದುಕಿತ್ತೋ ಈ ಗಾಡಿ."

"ನಿಮ್ಮ ಮಾವನ ಗಾಡಿ ಅಲ್ವಾ, ಮೊಂಡು" ಎಂದಳು ತಂಗಿ, ಸೂಜಿಗೆ ದಾರ ಪೋಣಿಸುತ್ತಾ.

ಹಿತ್ತಲಿನ ಶೆಡ್ಡಿನಲ್ಲಿ ಅವನದೇ ಒಂದು ಹಳೆಯ ಲೇತ್ ಇದೆ. ಕಂಚಿನ ಸರಳು ತಂದು ಹೊಸ ಬುಶ್ ಕಡೆಯಲು ಕೂತ. ನೋಡಲು ಕಣ್ಣಿಗೆ ಹಬ್ಬ. ಕಂಚಿನ ಸಿಪ್ಪೆ ಗುಂಗುರು ಕೂದಲಂತೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. ಒಂದೊಂದನ್ನೂ ಕಡೆದು, ಉಜ್ಜುವ ನುಣ್ಣನೆಯ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಅದರದರ ಪಿನ್ನಿಗೆ ಕೂರಿಸಿ ಉಜ್ಜಿದ. ಕೊನೆಗೆ ಪಿನ್ನನ್ನು ಬುಶ್‌ನೊಳಗೆ ತುರುಕಿ, ನನ್ನ ಕಿವಿಯ ಹತ್ತಿರ ಹಿಡಿದು ಎಳೆದ. ಸೀಸೆಯ ಬಿರಡೆ ಕಿತ್ತ ಹಾಗೆ ಪಕ್ ಎಂದಿತು.

"ಕೇಳಿಸ್ತಾ? ಗಾಳಿ ಕೂಡ ನುಸುಳೋ ಹಾಗಿಲ್ಲ."

ನಾನು ಓದಿದವನಲ್ಲ. ಮರ ನನಗೆ ಕಲಿಸಿದ್ದಷ್ಟೇ ನನ್ನ ವಿದ್ಯೆ, ಅದು ಕಡಿಮೆಯದೂ ಅಲ್ಲ. ಹೇಳದೆ ಇರಲಾಗಲಿಲ್ಲ.

"ಭಾವ, ಮೇಜಿನ ಖಾನೆ ಕೂರಿಸುವಾಗ ನಾನು ಪಕ್ಕಕ್ಕೆ ಒಂದಿಷ್ಟು ಸಂದು ಬಿಡ್ತೀನಿ. ಇಲ್ದಿದ್ರೆ ಎಳೆದರೆ ಮೇಜೇ ಬರುತ್ತೆ."

"ಅದು ಮರ ಭಾವ. ಮಳೆ ಬಂದ್ರೆ ಊದುತ್ತೆ. ಇದು ಕಂಚು."

"ಇದೂ ತಿರುಗಬೇಕಲ್ಲ?"

"ನನ್ನ ನಲ್ಲಿ ತಿರುಗಲ್ವಾ?"

ತಿರುಗುತ್ತೆ, ಕಾಲನ್ನು ಗೋಡೆಗೆ ಒದ್ದರೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ತಂಗಿ ಊಟಕ್ಕೆ ಕರೆದಿದ್ದಳು, ಜಗಳವಾಡಿ ಅನ್ನ ಕಳೆದುಕೊಳ್ಳುವಷ್ಟು ದಡ್ಡ ನಾನಲ್ಲ.

ಪರೀಕ್ಷೆಗೆ ಎರಡು ದಿನ ಮೊದಲು ಶಾಫ್ಟು ಮತ್ತೆ ಕಾರಿನ ಕೆಳಗೆ ಸೇರಿತು. ಗುರುತಿಗೆ ಗುರುತು ಕೂಡಿಸಿ, ಬೋಲ್ಟುಗಳನ್ನು ಅವನ ಹೆಸರಿಗೆ ತಕ್ಕ ಹಾಗೆ ತಿರುಗಿಸಿದ. ತಂಗಿ ಕೈ ತೊಳೆದುಕೊಂಡು ಬಂದು ಸ್ಟೀರಿಂಗ್ ಹಿಡಿದಳು. ಬಿಗಿಯಪ್ಪ ಪಕ್ಕಕ್ಕೆ, ನಾನು ಹಿಂದಕ್ಕೆ. ಗೇರು ಹಾಕಿದಳು, ಕ್ಲಚ್ ಬಿಟ್ಟಳು. ಏನೂ ಸದ್ದಿಲ್ಲ. ಕೆಳಗೆ ಕೂತಿದ್ದ ಸುತ್ತಿಗೆಯವನು ಇಳಿದುಹೋಗಿದ್ದ.

"ಹೆಂಗೆ?" ಬಿಗಿಯಪ್ಪ ಹಿಂದಕ್ಕೆ ತಿರುಗಿ ನನ್ನನ್ನೇ ಕೇಳಿದ. ಮೀಸೆ ಇದ್ದಿದ್ದರೆ ಹುರಿ ಮಾಡುತ್ತಿದ್ದ.

ಪೇಟೆ ಬೀದಿ ದಾಟಿತು, ಶಾಲೆಯ ಗೋಡೆ ದಾಟಿತು. ತಂಗಿಯ ಮುಖ ಅರಳಿತ್ತು. ನೀರಿನ ಟ್ಯಾಂಕಿನ ದಿಬ್ಬ ಏರಲು ಶುರು ಮಾಡಿದೆವು. ಅರ್ಧಕ್ಕೆ ಬರುವಷ್ಟರಲ್ಲಿ ಕಾರು ಚಳಿ ಹಿಡಿದ ಹಾಗೆ ನಡುಗತೊಡಗಿತು. ನೆಲದ ಹಲಗೆ ನನ್ನ ಪಾದದ ಕೆಳಗೆ ಗಡಗಡ ಅಂದಿತು. ಸುಟ್ಟ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು.

"ರೀ, ಏನೋ ಸುಡ್ತಿದೆ."

"ಏನಿಲ್ಲ, ಹೊಸದಲ್ವಾ, ಹೊಂದ್ಕೊಳ್ತಿದೆ. ನಡಿ."

ಕೀರ್ ಎಂದು ಹಂದಿ ಕೂಗಿದ ಹಾಗೆ ಒಂದು ಸದ್ದು ಬಂತು. ತಂಗಿ ಅವನ ಮಾತು ಕೇಳಲಿಲ್ಲ. ಕಾರನ್ನು ಅಂಚಿಗೆ ಸರಿಸಿ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಳು. ಬಿಗಿಯಪ್ಪ ಇಳಿದು, ಬಗ್ಗಿ ಕೈ ಹಾಕಿದವನು ಅಪ್ಪಾ ಎಂದು ಕೂಗಿ ಬೆರಳನ್ನು ಬಾಯಿಗಿಟ್ಟುಕೊಂಡ. ಗೆಣ್ಣು ಕೆಂಡದ ಹಾಗೆ ಕಾದಿತ್ತು. ಕಾದ ಕಂಚು ಹಿಗ್ಗಿತ್ತು. ಹೊರಗೆ ಕಬ್ಬಿಣ ಜಾಗ ಕೊಡದ್ದರಿಂದ ಒಳಕ್ಕೇ ಹಿಗ್ಗಿ ಪಿನ್ನಿನ ಕುತ್ತಿಗೆ ಹಿಸುಕಿತ್ತು. ಗ್ರೀಸಿಗೆ ಒಳಗೆ ಕಾಲಿಡಲೂ ಜಾಗವಿರಲಿಲ್ಲ.

ಹಾಲಿನ ವ್ಯಾನಿನವಳು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದಳು. ಪೇಟೆ ಬೀದಿಯಲ್ಲಿ ಜನ ನಿಂತು ನೋಡಿದರು. ಚಪ್ಪಲಿ ಹೊಲಿಯುವವನು, "ಏನ್ ಬಿಗಿಯಪ್ಪಾ, ಕಾರಿಗೂ ಮುಚ್ಚಳ ಹಾಕಿದ್ಯಾ?" ಎಂದ. ಬಿಗಿಯಪ್ಪ ಮುಖವನ್ನು ಕಿಟಕಿಯಿಂದ ಆಚೆ ಈಚೆ ಎಲ್ಲೂ ತೋರಿಸದೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ.

ಮನೆಗೆ ಬಂದ ಮೇಲೆ ದೂರು ಶುರುವಾಯಿತು. ಸರಳಿನ ಕಂಚು ಕಲಬೆರಕೆ. ಗ್ರೀಸು ಹಳೆಯದು. ದಿಬ್ಬ ವಿಪರೀತ ಕಡಿದು. ಲೋಕದಲ್ಲಿ ಎಲ್ಲವೂ ಕೆಟ್ಟಿತ್ತು, ಅವನ ಬುಶ್ ಒಂದು ಬಿಟ್ಟು. ತಂಗಿಗೆ ಕೇಳಿ ಕೇಳಿ ತಾಳ್ಮೆ ತಪ್ಪಿತು.

"ನೀವು ಮಾಡಿರೋದು ನಲ್ಲಿ. ಒಂದು ಹನಿ ನೀರು ಸೋರಲ್ಲ, ಒಪ್ದೆ. ಆದ್ರೆ ನಾನು ಆ ಕಾರಲ್ಲಿ ನೀರು ತುಂಬಿಸ್ಬೇಕಾ, ಓಡಿಸ್ಬೇಕಾ?"

ಅವನು ಬೆರಳಿನ ಬೊಬ್ಬೆ ನೋಡಿಕೊಂಡ. ಆಮೇಲೆ ಮೆಲ್ಲಗೆ ಅಂದ, "ಸಡಿಲ ಮಾಡೋದು ಅಂದ್ರೆ ಎಷ್ಟು ಅಂತ ನನ್ನ ಕೈಗೆ ಗೊತ್ತಿಲ್ಲ ಕಣೇ. ಕೈ ಮುಂದೆ ಹೋದ್ರೆ ಕೆಟ್ಟುಹೋಯ್ತು ಅನ್ಸುತ್ತೆ. ಹಿಂದಕ್ಕೆ ಬಂದ್ಬಿಡುತ್ತೆ."

ಅವನ ಬಾಯಲ್ಲಿ ಅಂಥ ಮಾತು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ತಂಗಿ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಪಟ್ಟಿ ತೆಗೆದು ಅವನ ಎದೆಗೆ ಸುತ್ತಿದಳು. ಬಿಗಿಯಾಗಿ ಎಳೆದು ಹಿಡಿದಳು.

"ಈಗ ಉಸಿರು ತಗೊಳ್ಳಿ."

ಅವನು ಎಳೆದುಕೊಂಡ. ಪಟ್ಟಿ ಬಿಡಲಿಲ್ಲ. ಮುಖ ಕೆಂಪಗಾಯಿತು.

"ಇದು ನಿಮ್ಮ ಅಳತೆ. ಇಷ್ಟಕ್ಕೇ ಅಂಗಿ ಹೊಲಿದ್ರೆ ನೀವು ಕೈ ಎತ್ತೋ ಹಾಗಿಲ್ಲ, ಸೀನೋ ಹಾಗಿಲ್ಲ." ಪಟ್ಟಿಯೊಳಗೆ ಎರಡು ಬೆರಳು ತೂರಿಸಿದಳು. "ಇಷ್ಟು ಬಿಡ್ತೀನಿ ನಾನು. ಇದು ತಪ್ಪು ಅಳತೆ ಅಲ್ಲ, ಇದೂ ಅಳತೇನೇ. ದಿನಾ ಬಿಡ್ತೀನಿ. ನಾಳೆ ನೀವು ಉಜ್ಜಿ, ಸಾಕೋ ಇಲ್ವೋ ನಾನು ಹೇಳ್ತೀನಿ."

ಮರುದಿನ ಬೆಳಿಗ್ಗೆ ತಿಂಡಿ ಮುಗಿಯುತ್ತಿದ್ದಂತೆ ಮೂವರೂ ಶೆಡ್ಡಿನಲ್ಲಿದ್ದೆವು. ಶಾಫ್ಟು ಮತ್ತೆ ಹೊರಗೆ ಬಂದಿತ್ತು. ನಾನು ಬುಶ್‌ನ ತೂತಿಗೆ ಸರಿಯಾದ ದಪ್ಪಕ್ಕೆ ಒಂದು ಮರದ ಗೂಟ ಕೆತ್ತಿಕೊಟ್ಟೆ. ಅದಕ್ಕೆ ಉಜ್ಜಲು ನುಣ್ಣನೆಯ ಉಪ್ಪು ಕಾಗದ ಸುತ್ತಿ ಒಳಗೆ ತಿರುಗಿಸುವುದು, ಒರೆಸುವುದು, ಎಣ್ಣೆ ಹಚ್ಚಿ ಪಿನ್ನು ಇಟ್ಟು ನೋಡುವುದು. ತಂಗಿ ಬುಶ್ ಅನ್ನು ನೆಟ್ಟಗೆ ಹಿಡಿದು ಪಿನ್ನನ್ನು ಮೇಲಿಂದ ಬಿಡುತ್ತಿದ್ದಳು. ಪಿನ್ನು ಕದಲದೆ ನಿಂತಿತು.

"ಇನ್ನೂ."

ಅವನು ಉಜ್ಜಿದ. ಪಿನ್ನು ಒಂದಿಷ್ಟು ಇಳಿದು ನಿಂತಿತು.

"ಇನ್ನೂ."

"ಇನ್ನೂನಾ? ಸಾಕು ಕಣೇ, ನೋಡು, ಬೆರಳಲ್ಲಿ ತಳ್ಳಿದ್ರೆ ಹೋಗುತ್ತೆ."

"ನಾನು ಕೆಳಗೆ ಮಲಗಿ ಬೆರಳಲ್ಲಿ ತಳ್ತಾ ಹೋಗ್ಲಾ? ಇನ್ನೂ."

ಅವನು ಮುಖ ಆ ಕಡೆ ತಿರುಗಿಸಿಕೊಂಡು ಉಜ್ಜಿದ. ಹಲ್ಲು ಕೀಳಿಸಿಕೊಳ್ಳುವವನ ಮುಖ ಅವನದು. ಕೊನೆಗೆ ಪಿನ್ನು ತನ್ನ ಭಾರಕ್ಕೆ ತಾನೇ, ನಿದ್ದೆ ಬಂದ ಮಗು ಮಡಿಲಿಂದ ಜಾರುವ ಹಾಗೆ, ನಿಧಾನಕ್ಕೆ ಇಳಿದು ಅವಳ ಅಂಗೈಗೆ ಬಂತು.

"ಇದು" ಎಂದಳು ಅವಳು.

ಅವನು ಅದನ್ನು ಇಸಿದುಕೊಂಡು ತಾನೂ ಬಿಟ್ಟು ನೋಡಿದ. ಮತ್ತೊಮ್ಮೆ ಬಿಟ್ಟ. ಹತ್ತಾರು ಸಲ ಬಿಟ್ಟ. ಮುಂದಿನ ಬುಶ್‌ಗೆ ಅವಳು 'ಇನ್ನೂ' ಅನ್ನುವುದು ಕಡಿಮೆಯಾಯಿತು. ಅದರ ಮುಂದಿನದಕ್ಕೆ ಇನ್ನೂ ಕಡಿಮೆ. ಕೊನೆಯ ಎರಡನ್ನು ಅವನೇ ಮುಗಿಸಿ ಅವಳ ಕೈಗೆ ಕೊಟ್ಟ. ಅವಳು ಬಿಟ್ಟು ನೋಡಿ, ಏನೂ ಹೇಳದೆ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಪ್ರತಿಯೊಂದರ ಒಳಮೈಗೂ ಗ್ರೀಸು ಹರಿಯಲು ಅವನು ಅರದಿಂದ ಒಂದು ಸಣ್ಣ ಗೀರು ಕಾಲುವೆ ತೋಡಿದ. ಅದು ಮಾತ್ರ ಅವನ ಸ್ವಂತ ಬುದ್ಧಿ. ನಾನು ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವವನಲ್ಲ.

ಸಂಜೆ ದಿಬ್ಬ ಏರಿ ನೋಡಿದೆವು. ನಡುಕವಿಲ್ಲ, ವಾಸನೆಯಿಲ್ಲ. ಮೇಲೆ ನಿಲ್ಲಿಸಿ ಬಿಗಿಯಪ್ಪ ಗೆಣ್ಣು ಮುಟ್ಟಿದ, ಅಂಗೈಯನ್ನು ಅಲ್ಲೇ ಇಟ್ಟುಕೊಂಡ. ಉಗುರುಬೆಚ್ಚಗಿತ್ತು ಅಷ್ಟೇ. ಆದರೂ ಇಳಿಯುವಾಗ ಅವನು ತಲೆ ಓರೆ ಮಾಡಿ ಕೂತಿದ್ದ.

"ಕ್ಲಚ್ ಬಿಡುವಾಗ ಟಿಕ್ ಅನ್ನುತ್ತೆ."

"ನನಗೆ ಕೇಳಿಸ್ಲಿಲ್ಲ" ಎಂದೆ ನಾನು.

"ನನಗೆ ಕೇಳಿಸ್ತು. ಇನ್‌ಸ್ಪೆಕ್ಟರಿಗೂ ಕೇಳಿಸುತ್ತೆ."

ಪರೀಕ್ಷೆಯ ಬೆಳಿಗ್ಗೆ ನಮ್ಮಿಬ್ಬರನ್ನೂ ಮೈದಾನದ ಬೇಲಿಯ ಹೊರಗೆ ನಿಲ್ಲಿಸಿದರು. ತಂಗಿ ತಾನೇ ಹೊಲಿದ ಹೊಸ ರವಿಕೆ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು, ಅಪ್ಪನ ಸೀಟಿನಲ್ಲಿ ಕೂತಿದ್ದಳು. ಕಾಲು ಪೆಡಲಿಗೆ ಎಟುಕಲೆಂದು ಬೆನ್ನಿಗೆ ದಿಂಬು. ಅದೇ ಇನ್‌ಸ್ಪೆಕ್ಟರ್ ಬಂದರು. ಹತ್ತುವ ಮೊದಲು ಕಾರಿನ ಕೆಳಗೆ ಒಮ್ಮೆ ಬಗ್ಗಿ ನೋಡಿದರು.

"ಸುತ್ತಿಗೆಯವರು ಇಳಿದ್ರಾ ಅಮ್ಮಾ?"

"ಇಳಿದ್ರು. ಬೇಲಿ ಹತ್ರ ನಿಂತಿದ್ದಾರೆ ನೋಡಿ, ಅವರೇ."

ಇನ್‌ಸ್ಪೆಕ್ಟರ್ ಬಿಗಿಯಪ್ಪನ ಕಡೆ ನೋಡಿ ನಕ್ಕರು. ಬಿಗಿಯಪ್ಪನಿಗೆ ನಗು ಬರಲಿಲ್ಲ. ಬೇಲಿಯ ತಂತಿಯನ್ನು ಹಿಡಿದಿದ್ದ ಅವನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಕಾರು ಹೊರಟಿತು. ಎಂಟರ ಆಕಾರದಲ್ಲಿ ನೆಟ್ಟಿದ್ದ ಕಂಬಗಳ ನಡುವೆ ಸುತ್ತಿತು. ಹಿಂದಕ್ಕೆ ಬಂದು ಗೆರೆಯೊಳಗೆ ನಿಂತಿತು. ಒಂದು ಕಂಬಕ್ಕೆ ತಗುಲಿಯೇಬಿಟ್ಟಿತು ಅಂದುಕೊಂಡೆ, ತಗುಲಲಿಲ್ಲ. ಉಳಿದದ್ದು ಏರು. ಮಣ್ಣಿನ ಏರಿಯ ನಡುವೆ ನಿಲ್ಲಿಸಿ, ಹಿಂದಕ್ಕೆ ಜಾರದೆ ಮತ್ತೆ ಹೊರಡಬೇಕು. ಹೋದ ವಾರ ಅವಳಿಗೆ ಅಲ್ಲಿಯವರೆಗೆ ಹೋಗುವ ಭಾಗ್ಯವೇ ಇರಲಿಲ್ಲ. ಕಾರು ಏರಿಯ ನಡುವೆ ನಿಂತಿತು.

"ಈಗ ಕ್ಲಚ್ ಬಿಡ್ತಾಳೆ" ಎಂದು ಬಿಗಿಯಪ್ಪ ಪಿಸುಗುಟ್ಟಿದ.

ಎಂಜಿನ್ನು ಗುರುಗುಟ್ಟಿತು. ಕಾರು ಒಂದು ಗೇಣೂ ಹಿಂದೆ ಬರಲಿಲ್ಲ. ದಪ್ಪ ಹಸು ಕೊಟ್ಟಿಗೆಯಿಂದ ಏಳುವ ಹಾಗೆ ಮೆಲ್ಲಗೆ ಮೈ ಎತ್ತಿ, ಏರಿ ಹತ್ತಿ, ಆಚೆ ಇಳಿಯಿತು.

"ಟಿಕ್" ಎಂದ ಬಿಗಿಯಪ್ಪ, ಕಣ್ಣು ಮುಚ್ಚಿಕೊಂಡು.

"ಬಾಯಿ ಮುಚ್ಚಿ ಭಾವ, ಅದು ನಿಮ್ಮ ಹಲ್ಲು."

ಇನ್‌ಸ್ಪೆಕ್ಟರ್ ಇಳಿದು ಕಾಗದಕ್ಕೆ ಸಹಿ ಹಾಕಿದರು. ನಮ್ಮ ಹತ್ತಿರ ಬಂದು, "ಇಷ್ಟು ಹಳೇ ಗಾಡಿ, ಒಂದು ಸದ್ದಿಲ್ವಲ್ಲ ಯಜಮಾನ್ರೇ. ಏನ್ ಮಾಡಿದ್ರಿ?" ಎಂದರು.

ಬಿಗಿಯಪ್ಪ ಬಾಯಿ ತೆರೆದ. ಅಳತೆ ಪಟ್ಟಿಯಿಂದ ಹಿಡಿದು ಎಲ್ಲ ಹೇಳುತ್ತಾನೆ ಅಂದುಕೊಂಡೆ. "ಅವಳನ್ನ ಕೇಳಿ" ಎಂದಷ್ಟೇ ಹೇಳಿ, ಹೋಗಿ ಕಾರಿನ ಮುಂದಿನ ಸೀಟಿನಲ್ಲಿ, ಅವಳ ಪಕ್ಕದಲ್ಲಿ ಕೂತ.

ಹಿಂತಿರುಗುವಾಗ ನನಗೆ ಕನ್ನಡಿಯಲ್ಲಿ ಅವಳ ಕಣ್ಣು ಮಾತ್ರ ಕಾಣುತ್ತಿತ್ತು, ಒದ್ದೆಯಾಗಿತ್ತು. ಬಿಗಿಯಪ್ಪ ಇಲ್ಲದ ಬ್ರೇಕನ್ನು ಒತ್ತುತ್ತಾ, ಪ್ರತಿ ಗೇರಿಗೂ ತಲೆ ಓರೆ ಮಾಡುತ್ತಾ ಕೂತಿದ್ದ.

"ಕೇಳಿಸ್ತಾ?"

"ಕೇಳಿಸ್ತು."

"ಭಾನುವಾರ ಬಿಚ್ಚಿ ಒಂಚೂರು..."

"ಮುಟ್ಟಿದ್ರೆ ನೋಡಿ" ಎಂದಳು ತಂಗಿ.

ಶಾಲೆಯ ಗೋಡೆ ಬಂತು, ಪೇಟೆ ಬೀದಿ ಬಂತು. ಚಪ್ಪಲಿ ಹೊಲಿಯುವವನು ಎದ್ದು ನಿಂತು ಕೈ ಎತ್ತಿದ. ತಂಗಿ ಹಾರ್ನ್ ಒತ್ತಿದಳು, ಬೇಕಾದ್ದಕ್ಕಿಂತ ಉದ್ದಕ್ಕೇ ಒತ್ತಿದಳು. ನಮ್ಮ ಓಣಿಯ ತಿರುವು ಬಂತು. ಕಾರು ತಿರುಗದೆ ನೇರ ಹೋಯಿತು.

"ಏಯ್, ಮನೆ ಹೋಯ್ತಲ್ಲೇ!" ಎಂದ ಬಿಗಿಯಪ್ಪ.

"ಎಲ್ಲಿಗೆ ಹೋಗುತ್ತೆ? ಬರೋವರೆಗೂ ಅಲ್ಲೇ ಇರುತ್ತೆ" ಎಂದು ತಂಗಿ ಮುಂದಿನ ಗೇರು ಹಾಕಿದಳು.